ಸೋಂಕು ರೋಗ ಪತ್ತೆ ಮತ್ತು ಚಿಕಿತ್ಸೆ: ಮೊದಲ ನೋಟದಿಂದ ಕೊನೆಯ ಡೋಸ್‌ವರೆಗೆ ಸಮಗ್ರ ಮಾರ್ಗದರ್ಶಿ

ಜ್ವರ ಅಂದ ಕೂಡಲೇ ಎಲ್ಲರಿಗೂ ಆ್ಯಂಟಿಬಯಾಟಿಕ್ ನೆನಪಾಗುತ್ತದೆ. ರೋಗಿ ಅದನ್ನೇ ಕೇಳುತ್ತಾರೆ, ಮನೆಯವರೂ ಅದನ್ನೇ ಕೇಳುತ್ತಾರೆ, ಹೊರಗೆ ಇನ್ನೂ ಜನ ಕಾಯುತ್ತಿರುವಾಗ ಬರೆದು ಕೈಗೆ ಕೊಡುವುದೂ ಸುಲಭವೇ. ಆದರೆ ಸೋಂಕು ರೋಗದಲ್ಲಿ ಅರ್ಧ ಕೆಲಸ ಔಷಧಿ ಬರೆಯುವ ಮುಂಚೆಯೇ ಇರುತ್ತದೆ. ಉಳಿದ ಅರ್ಧ ಇರುವುದು ಔಷಧಿ ಶುರುವಾದ ಮೂರನೇ ದಿನ. ಈ ಎರಡನ್ನೂ ಸರಿಯಾಗಿ ಮಾಡಿದರೆ ಯಾವ ಔಷಧಿ ಎಂಬ ಪ್ರಶ್ನೆ ಬಹುಪಾಲು ತಾನಾಗಿಯೇ ಬಗೆಹರಿಯುತ್ತದೆ.

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಈಗಷ್ಟೇ ವಾರ್ಡಿಗೆ ಕಾಲಿಟ್ಟ ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳಿಗೆ. ಡಾಕ್ಟರ್ ಯಾಕೆ ಇಷ್ಟೆಲ್ಲ ಕೇಳುತ್ತಾರೆ, ಯಾಕೆ ಇಷ್ಟು ಟೆಸ್ಟ್ ಬರೆಯುತ್ತಾರೆ ಎಂದು ತಿಳಿಯಬೇಕಾದವರೂ ಓದಬಹುದು. ಒಂದು ಮಾತು ಮಾತ್ರ ನೆನಪಿರಲಿ: ಔಷಧಿ, ಡೋಸ್ ಎಲ್ಲವನ್ನೂ ರೋಗಿಯನ್ನು ಕಣ್ಣಾರೆ ನೋಡಿದ ಡಾಕ್ಟರೇ ತೀರ್ಮಾನಿಸಬೇಕು. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನುಂಗಬೇಡಿ.

ಒಬ್ಬ ರೋಗಿಯನ್ನು ಮುಂದಿಟ್ಟುಕೊಂಡು ನೋಡೋಣ, ಆಗ ಪ್ರತಿ ಹಂತವೂ ಸ್ಪಷ್ಟವಾಗುತ್ತದೆ. 45 ವರ್ಷದ ಹೆಂಗಸು, ಸಕ್ಕರೆ ಕಾಯಿಲೆ ಇದೆ. ಎರಡು ದಿನದಿಂದ ಜ್ವರ, ಮೈಯೆಲ್ಲ ಗಡಗಡ ನಡುಗುವಷ್ಟು ಚಳಿ, ಬಲಗಡೆ ಸೊಂಟದ ಮೇಲೆ ನೋವು, ಒಂದೆರಡು ಸಲ ವಾಂತಿ.

1. ಎಷ್ಟು ಅಪಾಯದಲ್ಲಿದ್ದಾರೆ ಎಂದು ಮೊದಲು ನೋಡಿ

ಯಾವ ರೋಗ ಎಂಬುದು ಆಮೇಲಿನ ಪ್ರಶ್ನೆ. ಮೊದಲ ಐದು ನಿಮಿಷದಲ್ಲಿ ತಿಳಿಯಬೇಕಾದದ್ದು ಇವರಿಗೆ ಸಮಯ ಇದೆಯೋ ಇಲ್ಲವೋ ಅನ್ನುವುದು. ನಾಡಿ, ಬಿಪಿ, ಉಸಿರಾಟ, ಆಮ್ಲಜನಕದ ಮಟ್ಟ, ಜ್ವರ, ಪ್ರಜ್ಞೆ. ಇವಿಷ್ಟನ್ನೂ ನೋಡಿ ಬರೆದಿಡಿ. ಇದರಲ್ಲಿ ಜನ ಸುಮ್ನೆ ಅಂದಾಜಿಗೆ ಬರೆಯುವುದು ಉಸಿರಾಟದ ಲೆಕ್ಕವನ್ನು. ದಯವಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಬಿಪಿ ಕುಸಿಯುವುದಕ್ಕೆ ಎಷ್ಟೋ ಮೊದಲೇ ಉಸಿರಾಟ ಜಾಸ್ತಿಯಾಗಿರುತ್ತದೆ.

ನಿಮಿಷಕ್ಕೆ 22 ಅಥವಾ ಅದಕ್ಕಿಂತ ಜಾಸ್ತಿ ಉಸಿರಾಟ, ಮೇಲಿನ ಬಿಪಿ 100 ಅಥವಾ ಅದಕ್ಕಿಂತ ಕಡಿಮೆ, ಮಾತಿನಲ್ಲಿ ಗೊಂದಲ. ಈ ಮೂರರಲ್ಲಿ ಎರಡಿದ್ದರೆ ಸೆಪ್ಸಿಸ್, ಅಂದರೆ ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ ತಪ್ಪಿ ಅಂಗಾಂಗಗಳೇ ಕೆಡುವ ಸ್ಥಿತಿ, ಇರಬಹುದು ಎಂದುಕೊಂಡೇ ಮುಂದೆ ಹೋಗಿ. ಇವು ಇಲ್ಲ ಅಂದ ಮಾತ್ರಕ್ಕೆ ಸೆಪ್ಸಿಸ್ ಇಲ್ಲ ಎಂದು ನಿರಾಳವಾಗಬೇಡಿ, ಸೆಪ್ಸಿಸ್ ಇದ್ದೂ ಈ ಲೆಕ್ಕಕ್ಕೆ ಸಿಗದೆ ಹೋಗುವವರು ತುಂಬಾ ಜನ. ಕೈಕಾಲು ತಣ್ಣಗಿದೆಯಾ, ಉಗುರು ಒತ್ತಿ ಬಿಟ್ಟಾಗ ಬಣ್ಣ ಮರಳಲು 3 ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತಾ, ಮೂತ್ರ ಹೋಗಿ ಎಷ್ಟು ಹೊತ್ತಾಯಿತು, ಇವನ್ನೂ ಸೇರಿಸಿಕೊಳ್ಳಿ.

ಸೆಪ್ಸಿಸ್‌ನಿಂದ ಬಿಪಿ ಕುಸಿದಿದ್ದರೆ ಆ್ಯಂಟಿಬಯಾಟಿಕ್ ಒಂದು ಗಂಟೆಯೊಳಗೆ ಒಳಗೆ ಹೋಗಬೇಕು. ಜೊತೆಗೆ ಮೊದಲ 3 ಗಂಟೆಯಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 30 ಮಿ.ಲೀ. ಲೆಕ್ಕದಲ್ಲಿ ಡ್ರಿಪ್, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರಲ್ಲಿ ಕಣ್ಣಿಟ್ಟುಕೊಂಡು. ಇಂಥ ರೋಗಿಯಲ್ಲಿ ಮುಂದಿನ ಹಂತಗಳೆಲ್ಲ ಒಟ್ಟೊಟ್ಟಿಗೇ ನಡೆಯುತ್ತವೆ. ಸ್ಥಿರವಾಗಿರುವವರಲ್ಲಿ ಯೋಚಿಸಲು ಸಮಯ ಇರುತ್ತದೆ, ಆ ಸಮಯವನ್ನು ಬಳಸಿಕೊಳ್ಳಿ.

ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್, ಬಂದರೆ ಅದೇ ತುರ್ತು. ಕೀಮೋ ತಗೊಳ್ಳುತ್ತಿರುವವರ ಜ್ವರವೂ ಹಾಗೆಯೇ, ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಇನ್ನು ವಯಸ್ಸಾದವರಲ್ಲಿ ದೊಡ್ಡ ಸೋಂಕಿದ್ದರೂ ಜ್ವರವೇ ಬರದಿರಬಹುದು. ಇದ್ದಕ್ಕಿದ್ದಂತೆ ಊಟ ಬಿಟ್ಟರು, ಬಿದ್ದರು, ಏನೇನೋ ಮಾತಾಡುತ್ತಿದ್ದಾರೆ ಅಂತ ಮನೆಯವರು ಹೇಳಿದರೆ ಅದನ್ನೇ ಜ್ವರ ಅಂದುಕೊಳ್ಳಿ.

2. ಕೇಳಿ, ಬಿಡದೆ ಕೇಳಿ

ಸೋಂಕು ರೋಗದಲ್ಲಿ ಒಳ್ಳೆಯ ಪ್ರಶ್ನೆ ದುಬಾರಿ ಟೆಸ್ಟಿಗಿಂತ ಮುಂದೆ ಕರೆದೊಯ್ಯುತ್ತದೆ. ಇವತ್ತು ಜ್ವರದ ಎಷ್ಟನೇ ದಿನ? ಮೊದಲು ಶುರುವಾದದ್ದು ಏನು? ಮನೆಯಲ್ಲಿ, ಕೆಲಸದ ಜಾಗದಲ್ಲಿ ಇನ್ಯಾರಿಗಾದರೂ ಹೀಗಾಗಿದೆಯಾ? ಎಲ್ಲಿಗೆ ಹೋಗಿ ಬಂದರು, ಕೆಸರು ಅಥವಾ ನಿಂತ ನೀರಿನಲ್ಲಿ ಓಡಾಡಿದರಾ, ಪ್ರಾಣಿ ಕಚ್ಚಿತಾ, ಹುಳು ಕಡಿಯಿತಾ? ಲೈಂಗಿಕ ಸಂಪರ್ಕದ ಪ್ರಶ್ನೆಯನ್ನು ಮುಜುಗರದಿಂದ ಬಿಡಬೇಡಿ, ಬೇರೆಯವರನ್ನು ಹೊರಗೆ ಕಳಿಸಿ ನೇರವಾಗಿ ಕೇಳಿ. ಯಾವ ಲಸಿಕೆ ಆಗಿದೆ, ಸ್ಟೀರಾಯ್ಡ್ ತಗೊಳ್ಳುತ್ತಿದ್ದಾರಾ, ಗುಲ್ಮ ತೆಗೆಸಿದ್ದಾರಾ, ಮೈಯೊಳಗೆ ಕೃತಕ ಕವಾಟ, ರಾಡ್, ಕ್ಯಾತಿಟರ್ (ಒಳಗೆ ಹಾಕಿದ ಕೊಳವೆ) ಏನಾದರೂ ಇದೆಯಾ?

ಎರಡು ಪ್ರಶ್ನೆಗಳನ್ನು ಯಾವತ್ತೂ ಬಿಡಬೇಡಿ. ಕಳೆದ ಮೂರು ತಿಂಗಳಲ್ಲಿ ಆಸ್ಪತ್ರೆಯಲ್ಲಿ ಇದ್ದರಾ ಅಥವಾ ಆ್ಯಂಟಿಬಯಾಟಿಕ್ ತಗೊಂಡರಾ? ಹೌದು ಅಂದರೆ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಜಾಸ್ತಿ. ಇಲ್ಲಿಗೆ ಬರುವ ಮುಂಚೆ ಏನೇನು ಮಾತ್ರೆ ನುಂಗಿದ್ದಾರೆ? ಎರಡೇ ಎರಡು ಆ್ಯಂಟಿಬಯಾಟಿಕ್ ಮಾತ್ರೆ ನುಂಗಿದ್ದರೂ ಕಲ್ಚರ್‌ನಲ್ಲಿ, ಅಂದರೆ ಸ್ಯಾಂಪಲ್‌ನಿಂದ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಟೆಸ್ಟಿನಲ್ಲಿ, ಏನೂ ಬೆಳೆಯದೆ ಹೋಗಬಹುದು.

ದಿನದ ಲೆಕ್ಕ ಯಾಕೆ ಮುಖ್ಯ ಅಂದರೆ ಪ್ರತಿ ರೋಗಾಣುವಿಗೂ ಮೈಯೊಳಗೆ ಹೊಕ್ಕು ರೋಗವಾಗಲು ಅದರದೇ ಅವಧಿ ಇದೆ. ಫ್ಲೂ 1ರಿಂದ 4 ದಿನ. ಕಾಲರಾ ಕೆಲವು ಗಂಟೆಗಳಿಂದ 5 ದಿನ. ಡೆಂಗಿ 4ರಿಂದ 10 ದಿನ. ಟೈಫಾಯ್ಡ್ ಸಾಮಾನ್ಯವಾಗಿ ಒಂದೆರಡು ವಾರ. ಚಿಕನ್‌ಪಾಕ್ಸ್ 10ರಿಂದ 21 ದಿನ. ಹುಚ್ಚುನಾಯಿ ರೋಗ ತಿಂಗಳುಗಟ್ಟಲೆ. ಡೆಂಗಿ ಇರುವ ಜಾಗದಿಂದ ಮರಳಿ ಮೂರು ವಾರ ಕಳೆದ ಮೇಲೆ ಜ್ವರ ಶುರುವಾಗಿದ್ದರೆ ಅದಕ್ಕೆ ಆ ಪ್ರಯಾಣದ ಡೆಂಗಿ ಕಾರಣ ಅಲ್ಲ. ಆದರೆ ಮಲೇರಿಯಾ ಇನ್ನೂ ಆಗಿರಬಹುದು. ಹೀಗೆ ಬರೀ ಕ್ಯಾಲೆಂಡರ್ ನೋಡಿ ಅರ್ಧ ಪಟ್ಟಿ ಹೊಡೆದುಹಾಕಬಹುದು.

3. ಸೋಂಕು ಎಲ್ಲಿದೆ ಎಂದು ಮೈಯಲ್ಲಿ ಹುಡುಕಿ

ಬಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಪರೀಕ್ಷೆ ಆಗಲಿಲ್ಲ. ತಲೆಯಿಂದ ಕಾಲಿನವರೆಗೆ ನೋಡಿ: ಕಿವಿ, ಹಲ್ಲು, ಗಂಟಲು, ಕುತ್ತಿಗೆ ಬಗ್ಗುತ್ತಾ, ಗ್ರಂಥಿಗಳು ಊದಿವೆಯಾ, ಹೃದಯದಲ್ಲಿ ಹೊಸ ಶಬ್ದ ಇದೆಯಾ, ಯಕೃತ್ತು ಮತ್ತು ಗುಲ್ಮ ಕೈಗೆ ಸಿಗುತ್ತಾ. ಸಕ್ಕರೆ ಕಾಯಿಲೆಯವರಲ್ಲಿ ಕಾಲ್ಬೆರಳ ಸಂದಿ ಮತ್ತು ಅಂಗಾಲು ನೋಡದೆ ಬಿಡಲೇಬೇಡಿ. ಹಾಸಿಗೆ ಹಿಡಿದವರನ್ನು ಮಗ್ಗುಲಾಗಿಸಿ ಬೆನ್ನು ನೋಡಿ. ಆಸ್ಪತ್ರೆಯಲ್ಲೇ ಜ್ವರ ಬಂದಿದ್ದರೆ ಡ್ರಿಪ್ ಹಾಕಿದ ಜಾಗ ನೋಡಿ. ಸಣ್ಣ ಹುಳು ಕಡಿದು ಬರುವ ಸ್ಕ್ರಬ್ ಟೈಫಸ್ ಜ್ವರದಲ್ಲಿ ಹಲವರಿಗೆ ಕಡಿದ ಕಡೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇರುತ್ತದೆ, ಅದು ಹೆಚ್ಚಾಗಿ ಇರುವುದು ಕಂಕುಳು, ತೊಡೆಸಂದಿ, ಸ್ತನದ ಕೆಳಗೆ. ಹುಡುಕದವರಿಗೆ ಅದು ಸಿಗುವುದಿಲ್ಲ. ಸಿಕ್ಕಿದರೆ ಎಷ್ಟೋ ದಿನಗಳ ಓಡಾಟ ಅಲ್ಲಿಗೇ ಮುಗಿಯುತ್ತದೆ.

ನಮ್ಮ ರೋಗಿಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಬೆನ್ನಿನಲ್ಲಿ ಮೆಲ್ಲಗೆ ತಟ್ಟಿದರೆ ಜೋರಾಗಿ ನೋವು. ಕೇಳಿದಾಗ ನಾಲ್ಕು ದಿನದಿಂದ ಮೂತ್ರ ಉರಿ ಇತ್ತು ಅಂದರು. ಸೋಂಕು ಬಲಗಡೆ ಕಿಡ್ನಿಯಲ್ಲಿ ಇರುವ ಹಾಗಿದೆ.

4. ಪಟ್ಟಿ ಬರೆಯಿರಿ

ಟೆಸ್ಟ್ ಬರೆಯುವ ಮುಂಚೆ ಕಾಗದದ ಮೇಲೆ ಮೂರು ಸಾಲು ಬರೆಯಿರಿ. ತೀರಾ ಸಾಧ್ಯತೆ ಇರುವ ರೋಗ ಯಾವುದು, ತಪ್ಪಿಸಿಕೊಂಡರೆ ಜೀವಕ್ಕೇ ಕುತ್ತಾಗುವ ರೋಗ ಯಾವುದು, ಸೋಂಕೇ ಅಲ್ಲದ ಕಾರಣ ಏನಿರಬಹುದು. ಮೂರನೆಯದನ್ನು ತುಂಬಾ ಜನ ಮರೆಯುತ್ತಾರೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಲಿಂಫೋಮಾ ಎಂಬ ಗ್ರಂಥಿಗಳ ಕ್ಯಾನ್ಸರ್, ದೇಹ ತನ್ನ ಮೇಲೆಯೇ ದಾಳಿ ಮಾಡುವ ಲೂಪಸ್, ಕೊನೆಗೆ ನಾವೇ ಕೊಟ್ಟ ಔಷಧಿ, ಇವೆಲ್ಲ ಜ್ವರ ತರುತ್ತವೆ.

ನಮ್ಮ ರೋಗಿಯಲ್ಲಿ ಸಾಧ್ಯತೆ ಇರುವುದು ಕಿಡ್ನಿ ಸೋಂಕು. ತಪ್ಪಿಸಿಕೊಳ್ಳಬಾರದ್ದು ಕಲ್ಲು ಅಡ್ಡ ಸಿಕ್ಕಿ ಮೇಲೆ ಕಟ್ಟಿಕೊಂಡ ಸೋಂಕಿನ ಮೂತ್ರ ಮತ್ತು, ಸಕ್ಕರೆ ಕಾಯಿಲೆ ಇರುವುದರಿಂದ, ಕಿಡ್ನಿಯೊಳಗೆ ಗ್ಯಾಸ್ ತುಂಬುವ ಸೋಂಕು. ಹಾಗಾಗಿ ಇವರಿಗೆ ಸ್ಕ್ಯಾನ್ ನಾಳೆಗಲ್ಲ, ಇವತ್ತೇ ಬೇಕು. ಪಟ್ಟಿ ಬರೆಯದಿದ್ದರೆ ಇದು ಹೊಳೆಯುತ್ತಲೇ ಇರಲಿಲ್ಲ.

5. ಮೊದಲ ಡೋಸ್‌ಗಿಂತ ಮುಂಚೆ ಸ್ಯಾಂಪಲ್

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುತ್ತೇನೆ ಅನ್ನುವವರು ಇದನ್ನು ಇಟ್ಟುಕೊಳ್ಳಿ. ಆ್ಯಂಟಿಬಯಾಟಿಕ್ ಒಳಗೆ ಹೋದ ಮೇಲೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಸಾಧ್ಯತೆ ಬೇಗ ಇಳಿಯುತ್ತದೆ. ಆಮೇಲೆ ರೋಗಿ ಸುಧಾರಿಸದಿದ್ದಾಗ ಕೈಯಲ್ಲಿ ಏನೂ ಇರುವುದಿಲ್ಲ.

ಬ್ಲಡ್ ಕಲ್ಚರ್ ತೆಗೆಯುವುದು ಹೀಗೆ. ಎರಡು ಬೇರೆ ಬೇರೆ ಜಾಗದಿಂದ ಎರಡು ಸೆಟ್ (ಒಂದು ಸೆಟ್ ಅಂದರೆ ಸಾಮಾನ್ಯವಾಗಿ ಎರಡು ಬಾಟಲಿ). ದೊಡ್ಡವರಲ್ಲಿ ಪ್ರತಿ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ. ಮೂರ್ನಾಲ್ಕು ಮಿ.ಲೀ. ಹಾಕಿ ಕಳಿಸಿದರೆ ಸಿಗಬೇಕಾದ್ದೂ ಸಿಗುವುದಿಲ್ಲ, ಯಾಕಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇರುವುದೇ ತೀರಾ ಕಡಿಮೆ. ಕೈ ತೊಳೆಯಿರಿ, ಗ್ಲೌಸ್ ಹಾಕಿ. ರಕ್ತನಾಳವನ್ನು ಮೊದಲೇ ಮುಟ್ಟಿ ಗುರುತಿಸಿಕೊಂಡು, ಆಲ್ಕೋಹಾಲ್ ಇರುವ ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಉಜ್ಜಿ, ತಾನಾಗಿ ಒಣಗಲು ಬಿಡಿ. ಊದಬೇಡಿ, ಒರೆಸಬೇಡಿ. ಒಣಗಿದ ಮೇಲೆ ಮತ್ತೆ ಬೆರಳಿನಿಂದ ಮುಟ್ಟಿ ನೋಡುವ ಅಭ್ಯಾಸ ಎಲ್ಲ ಕೆಲಸವನ್ನೂ ಹಾಳು ಮಾಡುತ್ತದೆ. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಆಲ್ಕೋಹಾಲ್‌ನಿಂದ ಒರೆಸಿ. ಬಾಟಲಿಗಳನ್ನು ಫ್ರಿಜ್‌ನಲ್ಲಿ ಇಡಬೇಡಿ, ನೇರ ಲ್ಯಾಬಿಗೆ ಕಳಿಸಿ. ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ಇದಾದ ಕೂಡಲೇ.

ಮೂತ್ರ ಆದರೆ ಮೊದಲ ಭಾಗ ಬಿಟ್ಟು ಮಧ್ಯದ್ದು. ಎರಡು ಗಂಟೆಯೊಳಗೆ ಲ್ಯಾಬ್ ತಲುಪದಿದ್ದರೆ ಫ್ರಿಜ್‌ನಲ್ಲಿಡಿ. ಬೆನ್ನುಹುರಿ ದ್ರವವನ್ನು ಮಾತ್ರ ಕಲ್ಚರ್‌ಗೆ ಕಳಿಸುವಾಗ ತಣ್ಣಗೆ ಮಾಡಬಾರದು. ಗಾಯದಿಂದ ಹತ್ತಿಯಲ್ಲಿ ಒರೆಸಿಕೊಟ್ಟದ್ದಕ್ಕಿಂತ ಸಿರಿಂಜಿನಲ್ಲಿ ಎಳೆದ ಕೀವು ಎಷ್ಟೋ ಮೇಲು. ಕಫ ಅಂತ ಎಂಜಲು ಕಳಿಸಿದರೆ ಲ್ಯಾಬ್ ತಿರಸ್ಕರಿಸುತ್ತದೆ, ಅದು ಸರಿಯೇ. ಚೀಟಿಯಲ್ಲಿ ಜ್ವರ ಅಂತ ಒಂದೇ ಪದ ಬರೆಯದೆ ರೋಗಿಯ ಕಥೆಯನ್ನು ಎರಡು ಸಾಲಿನಲ್ಲಿ ಬರೆಯಿರಿ, ಯಾವ ರೋಗಾಣು ಹುಡುಕಬೇಕು ಎಂದು ಲ್ಯಾಬಿನವರಿಗೂ ಗೊತ್ತಾಗಬೇಕು ಅಲ್ವಾ.

ಒಂದು ಎಚ್ಚರಿಕೆ. ಬ್ಯಾಕ್ಟೀರಿಯಾದಿಂದ ಮೆದುಳುಪೊರೆ ಊತ ಅನುಮಾನ ಇದ್ದು ಬೆನ್ನಿನ ನೀರು ತೆಗೆಯುವುದು ತಡವಾಗುವ ಹಾಗಿದ್ದರೆ, ಬ್ಲಡ್ ಕಲ್ಚರ್ ತೆಗೆದು ಕೂಡಲೇ ಔಷಧಿ ಶುರು ಮಾಡಿ. ಸ್ಕ್ಯಾನ್ ಸರದಿಯಲ್ಲಿ ರೋಗಿ ಕಾಯಬಾರದು.

6. ರಿಪೋರ್ಟ್ ಓದುವುದನ್ನು ಕಲಿಯಿರಿ

ಪಾಸಿಟಿವ್ ಬಂದರೆ ರೋಗ ಇದೆ ಎಂದು ನಂಬುವ ಮೊದಲು ಈ ಲೆಕ್ಕ ಮಾಡಿ ನೋಡಿ. ರೋಗ ಇರುವ 100 ಜನರಲ್ಲಿ 90 ಜನರನ್ನು ಹಿಡಿಯುವ, ರೋಗ ಇಲ್ಲದ 100 ಜನರಲ್ಲಿ 95 ಜನರಿಗೆ ಸರಿಯಾಗಿ ಇಲ್ಲ ಅನ್ನುವ ಟೆಸ್ಟ್ ಇದೆ ಎಂದುಕೊಳ್ಳಿ. ಒಳ್ಳೆಯ ಟೆಸ್ಟೇ. 1000 ಜನರಲ್ಲಿ 10 ಜನರಿಗೆ ಮಾತ್ರ ರೋಗ ಇದ್ದರೆ, 9 ಜನ ನಿಜವಾದ ಪಾಸಿಟಿವ್, ಸುಮಾರು 50 ಜನ ಸುಳ್ಳು ಪಾಸಿಟಿವ್. ಅಂದರೆ ಪಾಸಿಟಿವ್ ಬಂದ 59 ಜನರಲ್ಲಿ ರೋಗ ಇರುವುದು 9 ಜನರಿಗೆ, ನೂರಕ್ಕೆ 15. ಅದೇ ಟೆಸ್ಟನ್ನು ಅರ್ಧದಷ್ಟು ಜನರಿಗೆ ರೋಗ ಇರುವ ಗುಂಪಿನಲ್ಲಿ ಮಾಡಿದರೆ ಪಾಸಿಟಿವ್ ಬಂದವರಲ್ಲಿ ನೂರಕ್ಕೆ ಸುಮಾರು 95 ಜನರಿಗೆ ರೋಗ ಇರುತ್ತದೆ. ಟೆಸ್ಟ್ ಬದಲಾಗಲಿಲ್ಲ, ಯಾರಿಗೆ ಮಾಡಿದಿರಿ ಅನ್ನುವುದು ಬದಲಾಯಿತು. ಎರಡನೇ ಹಂತದಲ್ಲಿ ಅಷ್ಟು ಕೇಳಿದ್ದು, ಮೂರರಲ್ಲಿ ಅಷ್ಟು ಹುಡುಕಿದ್ದು ಇದಕ್ಕೇ. ಜ್ವರ ಬಂದವರಿಗೆಲ್ಲ ಒಂದೇ ಸಲ ಹತ್ತು ಟೆಸ್ಟ್ ಬರೆಯುವ ಪ್ಯಾಕೇಜ್ ನನಗೆ ಇಷ್ಟವಾಗದಿರುವುದೂ ಇದಕ್ಕೇ.

ಟೆಸ್ಟಿನ ದಿನವೂ ಲೆಕ್ಕಕ್ಕೆ ಬರುತ್ತದೆ. ಡೆಂಗಿಯಲ್ಲಿ ವೈರಸ್‌ನದೇ ಪ್ರೋಟೀನ್ ಹುಡುಕುವ ಎನ್‌ಎಸ್1 ಟೆಸ್ಟ್ ಮೊದಲ ಐದು ದಿನ ಉಪಯುಕ್ತ, ದೇಹ ತಯಾರಿಸುವ ಪ್ರತಿಕಾಯ ಹುಡುಕುವ ಐಜಿಎಂ ಟೆಸ್ಟ್ ಸಾಮಾನ್ಯವಾಗಿ ಐದನೇ ದಿನದ ನಂತರ. ಎರಡನೇ ದಿನ ಐಜಿಎಂ ನೆಗೆಟಿವ್ ಬಂತು, ಡೆಂಗಿ ಇಲ್ಲ ಎಂದು ಹೇಳಿ ಕಳಿಸಿದರೆ ಅದು ತಪ್ಪು. ಟೈಫಾಯ್ಡ್‌ಗೆ ಒಂದೇ ಸಲ ಮಾಡಿದ ವಿಡಾಲ್ ಟೆಸ್ಟನ್ನು ನಂಬಿ ಔಷಧಿ ಶುರು ಮಾಡಬೇಡಿ, ಮೊದಲ ವಾರದಲ್ಲಿ ಬ್ಲಡ್ ಕಲ್ಚರ್ ಒಳ್ಳೆಯ ದಾರಿ. ಮಲೇರಿಯಾದಲ್ಲಿ ಒಂದು ಸ್ಮಿಯರ್ (ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ನೆಗೆಟಿವ್ ಆದರೆ ಸಾಲದು, 12ರಿಂದ 24 ಗಂಟೆ ಬಿಟ್ಟು ಮತ್ತೆ ನೋಡಬೇಕು.

ಇನ್ನು ಏನೋ ಬೆಳೆದಿದೆ ಅಂದ ಮಾತ್ರಕ್ಕೆ ಅದೇ ರೋಗಕ್ಕೆ ಕಾರಣ ಅಂತಲ್ಲ. ಉರಿ ಇಲ್ಲ, ಜ್ವರ ಇಲ್ಲ, ಆದರೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆ ಅಂದರೆ ಗರ್ಭಿಣಿಯರು ಮತ್ತು ಮೂತ್ರನಾಳದ ಆಪರೇಷನ್‌ಗೆ ಹೋಗುವವರನ್ನು ಬಿಟ್ಟು ಉಳಿದವರಿಗೆ ಬಹುತೇಕ ಚಿಕಿತ್ಸೆಯೇ ಬೇಡ. ಚರ್ಮದಲ್ಲಿ ವಾಸಿಸುವ ಸ್ಟೆಫೈಲೊಕಾಕಸ್ ಜಾತಿಗಳು ಒಂದೇ ಬಾಟಲಿಯಲ್ಲಿ ಬೆಳೆದರೆ ಅದು ಬಹುಶಃ ಸೂಜಿಯ ಜೊತೆ ಬಂದದ್ದು. ಆದರೆ ಸ್ಟೆಫೈಲೊಕಾಕಸ್ ಆರಿಯಸ್ ಅಥವಾ ಕ್ಯಾಂಡಿಡಾ ಎಂಬ ಶಿಲೀಂಧ್ರ ರಕ್ತದಲ್ಲಿ ಒಂದೇ ಬಾಟಲಿಯಲ್ಲಿ ಬಂದರೂ ನಿಜ ಎಂದೇ ತಿಳಿಯಿರಿ.

ಬಿಳಿ ರಕ್ತಕಣ ಜಾಸ್ತಿ ಇದ್ದರೆ ಬ್ಯಾಕ್ಟೀರಿಯಾ, ಕಫ ಹಸಿರಾದರೆ ಆ್ಯಂಟಿಬಯಾಟಿಕ್ ಅನ್ನುವ ಸೂತ್ರಗಳನ್ನು ಬಿಟ್ಟುಬಿಡಿ. ವೈರಸ್ ಸೋಂಕಿನಲ್ಲೂ ಕಫ ಹಸಿರಾಗುತ್ತದೆ.

7. ಔಷಧಿ ಆರಿಸುವುದು

ಕಲ್ಚರ್ ಬರಲು ಎರಡು ಮೂರು ದಿನ ಬೇಕು, ಟಿಬಿ ಆದರೆ ವಾರಗಳು. ಅಲ್ಲಿಯವರೆಗೆ ಅಂದಾಜಿನ ಮೇಲೆ ಕೊಡುವ ಔಷಧಿಗೂ ಒಂದು ಕ್ರಮ ಇದೆ. ಈ ಅಂಗದಲ್ಲಿ ಸೋಂಕು ಮಾಡುವ ಸಾಮಾನ್ಯ ರೋಗಾಣುಗಳು ಯಾವುವು? ನಿಮ್ಮ ಆಸ್ಪತ್ರೆಯ ಲ್ಯಾಬ್ ಲೆಕ್ಕದ ಪ್ರಕಾರ ಅವು ಯಾವ ಔಷಧಿಗೆ ಬಗ್ಗುತ್ತವೆ? ಆ ಔಷಧಿ ಆ ಜಾಗ ತಲುಪುತ್ತದೆಯೇ? ಈ ರೋಗಿಗೆ ಅದು ಸುರಕ್ಷಿತವೇ?

ತಲುಪುವ ಪ್ರಶ್ನೆಯನ್ನು ಹಗುರವಾಗಿ ನೋಡಬೇಡಿ. ನೈಟ್ರೊಫ್ಯುರಾಂಟೊಯಿನ್ ಮೂತ್ರಕೋಶದ ಸೋಂಕಿಗೆ ಒಳ್ಳೆಯ ಮಾತ್ರೆ, ಆದರೆ ಕಿಡ್ನಿಯ ಅಂಗಾಂಶದಲ್ಲಿ, ರಕ್ತದಲ್ಲಿ ಸಾಕಷ್ಟು ಇರುವುದಿಲ್ಲ. ನಮ್ಮ ರೋಗಿಗೆ ಅದನ್ನು ಕೊಟ್ಟರೆ ಉರಿ ಕಡಿಮೆಯಾಗಬಹುದು, ಕಿಡ್ನಿ ಸೋಂಕು ಹಾಗೇ ಉಳಿಯುತ್ತದೆ. ಡ್ಯಾಪ್ಟೊಮೈಸಿನ್ ಅನ್ನು ಶ್ವಾಸಕೋಶದೊಳಗಿನ ಜಿಡ್ಡು ನಿಷ್ಕ್ರಿಯ ಮಾಡಿಬಿಡುತ್ತದೆ, ಹಾಗಾಗಿ ನ್ಯುಮೋನಿಯಾಕ್ಕೆ ಅದು ಬೇಡ.

ಪೆನಿಸಿಲಿನ್ ಅಲರ್ಜಿ ಅಂತ ಚೀಟಿಯಲ್ಲಿ ಇದ್ದರೆ ಏನಾಗಿತ್ತು ಎಂದು ಕೇಳಿ. ಹಾಗೆ ಹೇಳಿಕೊಳ್ಳುವವರನ್ನು ಪರೀಕ್ಷಿಸಿದರೆ ನೂರಕ್ಕೆ 90ಕ್ಕಿಂತ ಜಾಸ್ತಿ ಜನಕ್ಕೆ ಅಲರ್ಜಿ ಇರುವುದಿಲ್ಲ. ಉಸಿರು ಕಟ್ಟಿತು, ಮುಖ ಊದಿತು ಅಂದರೆ ಬೇರೆ ಮಾತು. ಗರ್ಭಿಣಿಯಾ, ಕಿಡ್ನಿ ಹೇಗಿದೆ, ಬೇರೆ ಯಾವ ಮಾತ್ರೆ ನಡೆಯುತ್ತಿದೆ ನೋಡಿ. ಕಿಡ್ನಿ ಕೆಟ್ಟಿದ್ದರೆ ಮುಂದಿನ ಡೋಸ್‌ಗಳನ್ನು ಹೊಂದಿಸಬೇಕು, ಆದರೆ ತೀವ್ರ ಸೋಂಕಿನಲ್ಲಿ ಮೊದಲ ಡೋಸ್ ಸಾಮಾನ್ಯವಾಗಿ ಪೂರ್ತಿಯೇ ಇರಬೇಕು. ಪೆನಿಸಿಲಿನ್, ಸೆಫಲೊಸ್ಪೊರಿನ್ ಗುಂಪಿನವು ರಕ್ತದಲ್ಲಿ ಎಷ್ಟು ಹೊತ್ತು ಇವೆ ಅನ್ನುವುದರ ಮೇಲೆ ಕೆಲಸ ಮಾಡುತ್ತವೆ, ಹಾಗಾಗಿ ಗಂಟೆ ತಪ್ಪಿಸಬಾರದು. ಜೆಂಟಾಮೈಸಿನ್‌ನಂಥವಕ್ಕೆ ರಕ್ತದಲ್ಲಿನ ಮಟ್ಟ ಒಮ್ಮೆಗೆ ಎಷ್ಟು ಎತ್ತರ ಮುಟ್ಟಿತು ಅನ್ನುವುದು ಮುಖ್ಯ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆ್ಯಂಟಿಬಯಾಟಿಕ್‌ಗಳನ್ನು ಆಕ್ಸೆಸ್ (ಮೊದಲು ಬಳಸುವವು), ವಾಚ್ (ಎಚ್ಚರದಿಂದ ಬಳಸುವವು), ರಿಸರ್ವ್ (ಕೊನೆಯ ಅಸ್ತ್ರವಾಗಿ ಉಳಿಸಿಡುವವು) ಎಂದು ಮೂರು ಗುಂಪು ಮಾಡಿತು. ಮೊದಲ ಗುಂಪಿನಲ್ಲಿ ಕೆಲಸ ಆಗುವಾಗ ಮೂರನೆಯದಕ್ಕೆ ಕೈ ಹಾಕಬೇಡಿ. 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದ ನೇರ ಕಾರಣದಿಂದ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂಬ ಅಂದಾಜಿದೆ. ಇದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ವೈರಸ್ ರೋಗಗಳಲ್ಲಿ ಹೆಚ್ಚಿನವಕ್ಕೆ ಬೇಕಿರುವುದು ದ್ರವ, ಪ್ಯಾರಾಸಿಟಮಾಲ್, ವಿಶ್ರಾಂತಿ ಮತ್ತು ನಿಗಾ. ಫ್ಲೂಗೆ ಒಸೆಲ್ಟಾಮಿವಿರ್ 48 ಗಂಟೆಯೊಳಗೆ, ಸರ್ಪಸುತ್ತಿಗೆ ಎಸೈಕ್ಲೊವಿರ್ 72 ಗಂಟೆಯೊಳಗೆ ಶುರುವಾದರೆ ಜಾಸ್ತಿ ಪ್ರಯೋಜನ. ಡೆಂಗಿಯಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಬೇಡವೇ ಬೇಡ, ಮತ್ತು ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಅಲ್ಲಿ ಅಪಾಯದ ಕಾಲ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕಂಡರೆ ತಡ ಮಾಡಬಾರದು.

8. ಕೀವು ಇದ್ದರೆ ಹೊರಗೆ ತೆಗೆಯಿರಿ

ಕುರುವಿನೊಳಗೆ ರಕ್ತ ಹರಿಯುವುದಿಲ್ಲ, ಔಷಧಿ ಸರಿಯಾಗಿ ಹೋಗುವುದಿಲ್ಲ, ಹೋದದ್ದೂ ಅಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕುಯ್ದು ಅಥವಾ ಸೂಜಿಯಿಂದ ಖಾಲಿ ಮಾಡಬೇಕು. ಸೋಂಕಾದ ಕ್ಯಾತಿಟರ್ ತೆಗೆಯಬೇಕು, ಸತ್ತ ಮಾಂಸ ತೆಗೆಯಬೇಕು. ನಮ್ಮ ರೋಗಿಯ ಸ್ಕ್ಯಾನಿನಲ್ಲಿ ಕಲ್ಲು ಅಡ್ಡವಾಗಿದ್ದು ಕಿಡ್ನಿ ಊದಿದ್ದರೆ, ಎಂಥ ಔಷಧಿ ಕೊಟ್ಟರೂ ಆ ಮೂತ್ರಕ್ಕೆ ದಾರಿ ಮಾಡಿಕೊಡುವವರೆಗೆ ಜೀವ ಅಪಾಯದಲ್ಲೇ ಇರುತ್ತದೆ. ಅದೃಷ್ಟಕ್ಕೆ ಇವರಿಗೆ ಹಾಗಾಗಿಲ್ಲ ಎಂದುಕೊಳ್ಳೋಣ.

9. ಮೂರನೇ ದಿನ ಮತ್ತೆ ಮೊದಲಿಂದ ನೋಡಿ

48ರಿಂದ 72 ಗಂಟೆಗೆ ನಿಂತು ಯೋಚಿಸಿ. ನಮ್ಮ ರೋಗಿಗೆ ಜ್ವರ ಇಳಿದಿದೆ, ಊಟ ಸೇರುತ್ತಿದೆ, ಮೂತ್ರದಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಬೆಳೆದಿದೆ. ಈಗ ಕೆಲಸ ಮಾಡುವ ಔಷಧಿಗಳಲ್ಲಿ ಅತಿ ಕಡಿಮೆ ಬಗೆಯ ರೋಗಾಣುಗಳ ಮೇಲೆ ಬೀಳುವುದನ್ನು, ಸಾಧ್ಯವಾದರೆ ಬಾಯಿಯಿಂದ ಕೊಡುವುದನ್ನು ಆರಿಸಿ. ವಾಸಿಯಾಗುತ್ತಿದೆಯಲ್ಲ, ಯಾಕೆ ಬದಲಾಯಿಸಬೇಕು ಎಂದು ದೊಡ್ಡ ಇಂಜೆಕ್ಷನ್ ಮುಂದುವರಿಸುವುದು ಎಲ್ಲ ಕಡೆ ನಡೆಯುತ್ತದೆ, ನಡೆಯಬಾರದು. ರಿಪೋರ್ಟ್‌ನಲ್ಲಿ ಔಷಧಿಗಳ ಮುಂದಿರುವ ಎಂಐಸಿ (ರೋಗಾಣುವಿನ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಔಷಧಿ) ಸಂಖ್ಯೆಗಳನ್ನು ಹೋಲಿಸಿ ಚಿಕ್ಕದನ್ನು ಆರಿಸಬೇಡಿ. ಪ್ರತಿ ಔಷಧಿಯ ಅಳತೆ ಬೇರೆ, ಒಂದರ ಸಂಖ್ಯೆಗೂ ಇನ್ನೊಂದಕ್ಕೂ ಸಂಬಂಧವಿಲ್ಲ.

ಕಲ್ಚರ್‌ನಲ್ಲಿ ಏನೂ ಇಲ್ಲ, ರೋಗಿ ಚೆನ್ನಾಗಿದ್ದಾರೆ, ವೈರಸ್ ಎಂದು ಗೊತ್ತಾಯಿತು ಅಂದರೆ ಆ್ಯಂಟಿಬಯಾಟಿಕ್ ನಿಲ್ಲಿಸಿ. ಶುರು ಮಾಡಿದ್ದೇವೆ ಎಂಬುದು ಮುಂದುವರಿಸಲು ಕಾರಣ ಅಲ್ಲ.

ಸುಧಾರಿಸಿಲ್ಲ ಅಂದರೆ ಕೂಡಲೇ ಇನ್ನೂ ದೊಡ್ಡ ಔಷಧಿಗೆ ಹಾರಬೇಡಿ. ರೋಗದ ಹೆಸರೇ ತಪ್ಪಾಯಿತಾ? ಎಲ್ಲೋ ಕೀವು ಕೂತಿದೆಯಾ? ಡೋಸ್ ಕಡಿಮೆಯಾಯಿತಾ, ನಿಜವಾಗಿ ಕೊಟ್ಟಿದ್ದಾರಾ? ರೋಗಾಣು ಬಗ್ಗುತ್ತಿಲ್ಲವಾ? ಹೊಸ ಸೋಂಕು ಸೇರಿತಾ, ಔಷಧಿಯೇ ಜ್ವರ ತರುತ್ತಿದೆಯಾ? ಅಥವಾ ನಾವೇ ಅವಸರ ಮಾಡುತ್ತಿದ್ದೇವಾ? ಟೈಫಾಯ್ಡ್‌ನಲ್ಲಿ ಸರಿಯಾದ ಔಷಧಿ ಕೊಟ್ಟರೂ ಜ್ವರ ಇಳಿಯಲು ನಾಲ್ಕೈದು ದಿನ ಹಿಡಿಯಬಹುದು. ಸ್ಕ್ರಬ್ ಟೈಫಸ್‌ನಲ್ಲಿ ಡಾಕ್ಸಿಸೈಕ್ಲಿನ್ ಕೊಟ್ಟ ಎರಡು ದಿನದಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ, ಇಳಿಯದಿದ್ದರೆ ಬೇರೆ ಏನೋ ಇದೆಯೇ ಎಂದು ನೋಡಬೇಕು. ದೀರ್ಘ ಕೆಮ್ಮಿನವರಿಗೆ ಟಿಬಿ ಪರೀಕ್ಷೆ ಮಾಡದೆ ಲಿವೊಫ್ಲಾಕ್ಸಸಿನ್ ಗುಂಪಿನ ಮಾತ್ರೆ ಕೊಟ್ಟರೆ ಸ್ವಲ್ಪ ಆರಾಮ ಆದ ಹಾಗೆ ಕಂಡು ಟಿಬಿ ಪತ್ತೆಯಾಗುವುದೇ ತಡವಾಗುತ್ತದೆ.

10. ಎಷ್ಟು ದಿನ, ಆಮೇಲೆ ಏನು

ಶುರು ಮಾಡುವ ದಿನವೇ ಮುಗಿಯುವ ದಿನವನ್ನೂ ಅಂದಾಜಿಸಿ ಬರೆಯಿರಿ. ಸಾಮಾನ್ಯ ನ್ಯುಮೋನಿಯಾ ಬೇಗ ಸುಧಾರಿಸಿದವರಲ್ಲಿ 5 ದಿನ ಸಾಕು. ನಮ್ಮ ರೋಗಿಯಂಥವರಿಗೆ ಸಾಮಾನ್ಯವಾಗಿ 7 ದಿನ. ರಕ್ತದಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಇದ್ದರೆ ಕಡಿಮೆ ಅಂದರೂ 14 ದಿನ, ಹೃದಯದ ಕವಾಟದ ಸೋಂಕಿಗೆ ಬಹುತೇಕ 4ರಿಂದ 6 ವಾರ, ಔಷಧಿಗೆ ಬಗ್ಗುವ ಶ್ವಾಸಕೋಶದ ಟಿಬಿಗೆ ಸಾಮಾನ್ಯವಾಗಿ 6 ತಿಂಗಳು. ಟಿಬಿಯಲ್ಲಿ ಎರಡನೇ ತಿಂಗಳಿಗೇ ಕೆಮ್ಮು ನಿಂತು ತೂಕ ಏರಿರುತ್ತದೆ, ವಾಸಿಯಾಯಿತು ಅಂದುಕೊಂಡು ಜನ ಮಾತ್ರೆ ಬಿಟ್ಟುಬಿಡುವುದೂ ಆಗಲೇ. ಹಾಗೆ ಬಿಡಬಾರದು ಎಂದು ಮೊದಲ ದಿನವೇ ಹೇಳಿಬಿಡಿ.

ಜೊತೆಯಲ್ಲಿರುವವರ ಬಗ್ಗೆಯೂ ಯೋಚಿಸಿ. ಟಿಬಿ, ದಡಾರ, ಚಿಕನ್‌ಪಾಕ್ಸ್ ಗಾಳಿಯಲ್ಲಿ ಹರಡುತ್ತವೆ, ಅನುಮಾನ ಬಂದಾಗಲೇ ಬೇರೆ ಕೋಣೆ ಬೇಕು, ರಿಪೋರ್ಟ್ ಬರುವವರೆಗೆ ಕಾಯಬಾರದು. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಆಲ್ಕೋಹಾಲ್ ಇರುವ ದ್ರವದಿಂದ 20ರಿಂದ 30 ಸೆಕೆಂಡ್ ಕೈ ಉಜ್ಜಿ. ಭೇದಿ ಮಾಡುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್‌ನ ಬೀಜಕಣ ಅದಕ್ಕೆ ಸಾಯುವುದಿಲ್ಲ, ಅಲ್ಲಿ ಸೋಪು ನೀರೇ ಬೇಕು. ಕಾನೂನಿನ ಪ್ರಕಾರ ತಿಳಿಸಬೇಕಾದ ರೋಗವಾದರೆ ಆರೋಗ್ಯ ಇಲಾಖೆಗೆ ಅದೇ ದಿನ ತಿಳಿಸಿ.

ನಮ್ಮ ರೋಗಿ ಮನೆಗೆ ಹೋಗುವಾಗ ಕೈಯಲ್ಲಿ ಕಲ್ಚರ್ ರಿಪೋರ್ಟ್‌ನ ಪ್ರತಿ ಇರಲಿ, ಮುಂದಿನ ಸಲ ಯಾರೇ ನೋಡಿದರೂ ಅದು ಬೇಕಾಗುತ್ತದೆ. ಯಾವ ಮಾತ್ರೆ, ಯಾವ ಹೊತ್ತಿಗೆ, ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಿ, ಮತ್ತು ಅವರ ಬಾಯಿಂದಲೇ ಒಮ್ಮೆ ಹೇಳಿಸಿ. ಮತ್ತೆ ಚಳಿ ಜ್ವರ ಬಂದರೆ, ಮಾತ್ರೆ ನಿಲ್ಲದಷ್ಟು ವಾಂತಿಯಾದರೆ, ಮೂತ್ರ ಕಡಿಮೆಯಾದರೆ ರಾತ್ರಿಯಾದರೂ ಬರಬೇಕು ಎಂದು ಅವರಿಗೂ ಹೇಳಿ, ಜೊತೆಗೆ ಬಂದವರಿಗೂ ಹೇಳಿ.